ಓವರ್‌ಸ್ಪೀಡ್‌ಗೆ ಸಿಕ್ಕಿಬಿದ್ದರೆ ಎಚ್-1ಬಿ ಸ್ಟಾಂಪಿಂಗ್‌ಗೆ ತೊಂದರೆ ಆಗುತ್ತಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಯಜಮಾನರು ಅಮೆರಿಕದ ವರ್ಜೀನಿಯಾದಲ್ಲಿ ಎಚ್-1ಬಿ (ಕೆಲಸದ ವೀಸಾ) ಮೇಲಿದ್ದಾರೆ. ರಿಚ್ಮಂಡ್ ಕಡೆ ಐ-95 ಹೆದ್ದಾರಿಯಲ್ಲಿ, ಗಂಟೆಗೆ 70 ಮೈಲಿ ಮಿತಿ ಇರುವ ಕಡೆ 88ರಲ್ಲಿ ಹೋಗಿ ಪೊಲೀಸರಿಗೆ ಸಿಕ್ಕಿದ್ದಾರೆ. ಡಿಸೆಂಬರ್‌ನಲ್ಲಿ ನಿಮ್ಮ ತಂಗಿ ಮದುವೆ. ಬೆಂಗಳೂರಿಗೆ ಬಂದು, ಹಾಗೇ ಚೆನ್ನೈಯ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸ್ಟಾಂಪಿಂಗ್ (ಪಾಸ್‌ಪೋರ್ಟ್‌ಗೆ ಹೊಸ ವೀಸಾ ಹಾಕಿಸುವುದು) ಮುಗಿಸಿಕೊಂಡು ವಾಪಸ್ ಹೋಗಬೇಕು. ಈ ಒಂದು ಟಿಕೆಟ್‌ಗೆ ವೀಸಾ ಹೋಗಿಬಿಡುತ್ತಾ?

ವೇಗದ ಕೇಸ್ ಒಂದಕ್ಕೇ ವೀಸಾ ಕೊಡದೆ ಕಳಿಸಿದ್ದನ್ನು ನಾನು ಕಂಡಿಲ್ಲ. ಆದರೆ ಇದು ಆನ್‌ಲೈನ್‌ನಲ್ಲಿ ದಂಡ ಕಟ್ಟಿ ಮರೆತುಬಿಡುವ ಟಿಕೆಟ್ ಕೂಡ ಅಲ್ಲ. ನಾನು ಲಾಯರ್ ಅಲ್ಲ. ವರ್ಜೀನಿಯಾದಲ್ಲೇ ಬಹಳ ವರ್ಷದಿಂದ ಇರುವವನು, ಗೆಳೆಯರ ಜೊತೆ ಕೋರ್ಟಿಗೂ ಹೋಗಿ ಕೂತವನು. ಅಷ್ಟರ ಮೇಲೆ ಹೇಳುತ್ತಿದ್ದೇನೆ.

ಮೊದಲು ಯಜಮಾನರ ಕೈಯಲ್ಲಿರುವ ಕಾಗದ ನೋಡಿ. ಅದರಲ್ಲಿ 'ರೆಕ್‌ಲೆಸ್ ಡ್ರೈವಿಂಗ್', ಅಂದರೆ ಬೇಜವಾಬ್ದಾರಿ ಚಾಲನೆ, ಅಂತ ಬರೆದಿರಬೇಕು. ಬರೀ 18 ಮೈಲಿ ಜಾಸ್ತಿ ಹೋಗಿದ್ದಕ್ಕೆ ಇಷ್ಟು ದೊಡ್ಡ ಮಾತಾ ಅಂತ ನಿಮಗೆ ಅನಿಸಬಹುದು. ವರ್ಜೀನಿಯಾದ ಕಾನೂನೇ ಹಾಗಿದೆ. ಮಿತಿಗಿಂತ 20 ಮೈಲಿ ಜಾಸ್ತಿ ಹೋದರೆ ರೆಕ್‌ಲೆಸ್. ಮಿತಿ ಎಷ್ಟೇ ಇರಲಿ, 85 ದಾಟಿದರೂ ರೆಕ್‌ಲೆಸ್. 2020ರ ಜುಲೈಗೆ ಮೊದಲು 80 ದಾಟಿದರೇ ಸಾಕಿತ್ತು. ಇದು ಕ್ಲಾಸ್ 1 ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಕೇಸ್. ಕಾನೂನಿನಲ್ಲಿ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಅಂತ ಇದೆ. 88ಕ್ಕೆ ಯಾರನ್ನೂ ಜೈಲಿಗೆ ಕಳಿಸಿದ್ದು ನಾನು ನೋಡಿಲ್ಲ, ಅದಕ್ಕೆ ಹೆದರಬೇಡಿ. ಆದರೆ ಶಿಕ್ಷೆ ಆದರೆ ಅದು ಕ್ರಿಮಿನಲ್ ದಾಖಲೆಯಾಗಿ ಉಳಿಯುತ್ತದೆ, ನಮ್ಮಂಥವರಿಗೆ ಕಷ್ಟ ಇರುವುದು ಅಲ್ಲಿ.

ಇನ್ನು ವೀಸಾ ವಿಷಯ. ಇಲ್ಲಿ ಎರಡು ಬೇರೆ ಬೇರೆ ಕಾಗದ ಇವೆ, ನಮ್ಮವರು ಎರಡನ್ನೂ ವೀಸಾ ಅಂತಲೇ ಕರೆದು ಗಲಿಬಿಲಿ ಮಾಡಿಕೊಳ್ಳುತ್ತಾರೆ. ಒಂದು ಪಾಸ್‌ಪೋರ್ಟ್‌ನಲ್ಲಿರುವ ಸ್ಟಾಂಪ್. ಅದು ದೇಶದ ಒಳಗೆ ಬರಲು ಬೇಕು, ಕೊಡುವುದು ಕಾನ್ಸುಲೇಟ್. ಇನ್ನೊಂದು ಐ-94. ಒಳಗೆ ಬಂದಮೇಲೆ ಎಲ್ಲಿವರೆಗೆ ಇರಬಹುದು ಅಂತ ಹೇಳುವುದು ಅದು. ಅಮೆರಿಕದಲ್ಲೇ ಇದ್ದುಕೊಂಡು ಎಕ್ಸ್‌ಟೆನ್ಶನ್ ಮಾಡಿಸಿದರೆ ಅರ್ಜಿ ಹಾಕುವುದು ಕಂಪನಿ, ಅಲ್ಲಿ ವೇಗದ ಟಿಕೆಟ್ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರಶ್ನೆ ಎದುರಾಗುವುದು ಸ್ಟಾಂಪಿಂಗ್‌ಗೆ ಹೋದಾಗ. ವೀಸಾ ಅರ್ಜಿಯ ಡಿಎಸ್-160 ಫಾರ್ಮ್‌ನಲ್ಲಿ ಯಾವತ್ತಾದರೂ ಅರೆಸ್ಟ್ ಆಗಿದ್ದೀರಾ, ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಮಾಮೂಲಿ ಸ್ಪೀಡಿಂಗ್ ಟಿಕೆಟ್‌ಗೆ ದಂಡ ಕಟ್ಟಿದ್ದು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ರೆಕ್‌ಲೆಸ್‌ನಲ್ಲಿ ಶಿಕ್ಷೆ ಆದರೆ ಬರುತ್ತದೆ, 'ಹೌದು' ಅಂತಲೇ ಬರೆಯಬೇಕು. ಬರೆದರೆ ಅಧಿಕಾರಿ ಒಂದೆರಡು ಪ್ರಶ್ನೆ ಕೇಳುತ್ತಾರೆ, ಕೋರ್ಟ್ ಕಾಗದ ನೋಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸುಳ್ಳು ಮಾಹಿತಿ ಕೊಟ್ಟ ಆರೋಪ ಬರುತ್ತದೆ, ಅದಕ್ಕೆ ಜೀವನಪೂರ್ತಿ ನಿಷೇಧ ಬೀಳಬಹುದು. 'ಸುಮ್ನೆ ನೋ ಅಂತ ಹಾಕಿ, ಯಾರು ನೋಡ್ತಾರೆ' ಅಂತ ಹೇಳುವ ಅಣ್ಣಂದಿರು ಪ್ರತಿ ವಾಟ್ಸಾಪ್ ಗ್ರೂಪಿನಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ.

ನಿಜವಾಗಿ ವೀಸಾ ಹೋಗುವುದು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಾಗ. ನಿಮಗೆ ಇದು ಬೇಕಿಲ್ಲದಿರಬಹುದು, ಆದರೂ ಓದುವ ಬೇರೆಯವರಿಗೆ ಬೇಕು. ನ್ಯೂಜೆರ್ಸಿಯಲ್ಲಿ ನನ್ನ ಗೆಳೆಯನೊಬ್ಬ ಪಾರ್ಟಿ ಮುಗಿಸಿ ಬರುವಾಗ ಸಿಕ್ಕಿಬಿದ್ದ. ಆ ರಾಜ್ಯದಲ್ಲಿ ಅದನ್ನು ಕ್ರೈಮ್ ಅನ್ನುವುದಿಲ್ಲ, ಟ್ರಾಫಿಕ್ ಅಪರಾಧ ಅಷ್ಟೆ. ಲಾಯರ್ ಹಾಗಂದಿದ್ದಕ್ಕೆ ಇವನೂ ನಿರಾಳನಾಗಿದ್ದ. ಕೇಸ್ ಇನ್ನೂ ಕೋರ್ಟಿಗೆ ಬಂದಿರಲಿಲ್ಲ, ಅಷ್ಟರಲ್ಲೇ ಕಾನ್ಸುಲೇಟ್‌ನಿಂದ ಇಮೇಲ್ ಬಂತು: ನಿಮ್ಮ ವೀಸಾ ರದ್ದಾಗಿದೆ. ಠಾಣೆಯಲ್ಲಿ ಕೊಟ್ಟ ಬೆರಳಚ್ಚು ಅಮೆರಿಕದ ಕೇಂದ್ರ ಸರ್ಕಾರದ ಡೇಟಾಬೇಸ್‌ಗೆ ಹೋಗುತ್ತದೆ. 2015ರಿಂದ ವಿದೇಶಾಂಗ ಇಲಾಖೆಯ ನಿಯಮದ ಪ್ರಕಾರ ಕುಡಿದು ಓಡಿಸಿ ಅರೆಸ್ಟ್ ಆದರೆ ಸಾಕು, ತೀರ್ಪಿಗೆ ಕಾಯದೆ ಸ್ಟಾಂಪ್ ರದ್ದು ಮಾಡಬಹುದು. ಅವನ ಕೆಲಸ, ಐ-94 ಎಲ್ಲ ಹಾಗೇ ಇತ್ತು. ಆದರೆ ಊರಿಗೆ ಹೋದರೆ ಹೊಸ ವೀಸಾ ಸಿಗುವವರೆಗೆ ವಾಪಸ್ ಬರುವ ಹಾಗಿಲ್ಲ. ಹಾಸನದಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂತ ಕೊನೆಗೆ ಹೊರಟೇಬಿಟ್ಟ. ಇಂಟರ್‌ವ್ಯೂ ಆದಮೇಲೆ ಕಾನ್ಸುಲೇಟ್‌ನವರು ಗೊತ್ತುಮಾಡಿದ ಡಾಕ್ಟರ ಹತ್ತಿರ ಕಳಿಸಿದರು, ಕುಡಿತದ ಚಟ ಇದೆಯಾ ಅಂತ ತಪಾಸಣೆ. ಐದು ವರ್ಷದೊಳಗೆ ಇಂಥ ಒಂದು ಅರೆಸ್ಟ್ ಇದ್ದರೂ ಇದು ತಪ್ಪುವುದಿಲ್ಲ. ಆಮೇಲೆ ವೀಸಾ ಸಿಕ್ಕಿತು. ಆದರೆ ಅಲ್ಲಿವರೆಗೆ ಆಫೀಸ್ ಕೆಲಸ ಇಲ್ಲಿ, ಇವನು ಊರಲ್ಲಿ.

ಸ್ಟೂಡೆಂಟ್ ವೀಸಾದವರಿಗೂ ಒಂದು ಮಾತು. 2025ರ ಏಪ್ರಿಲ್‌ನಲ್ಲಿ ಸಾವಿರಾರು ಜನರ ವಿದ್ಯಾರ್ಥಿ ದಾಖಲೆಯನ್ನೇ ಸರ್ಕಾರ ಮುಚ್ಚಿತ್ತು. ಅವರಲ್ಲಿ ಕೆಲವರ ಮೇಲೆ ಇದ್ದದ್ದು ಹಳೇ ಟ್ರಾಫಿಕ್ ಕೇಸ್ ಮಾತ್ರ. ಕೋರ್ಟ್‌ಗಳು ತಡೆ ಕೊಟ್ಟಮೇಲೆ ದಾಖಲೆಗಳನ್ನು ವಾಪಸ್ ತೆರೆದರು.

ಸರಿ, ನೀವು ಈಗ ಏನು ಮಾಡಬೇಕು? ಟಿಕೆಟ್ ಬಿದ್ದ ಕೌಂಟಿಯ (ಜಿಲ್ಲೆಯ) ಜನರಲ್ ಡಿಸ್ಟ್ರಿಕ್ಟ್ ಕೋರ್ಟ್‌ನಲ್ಲಿ ದಿನಾ ಓಡಾಡುವ ಟ್ರಾಫಿಕ್ ಲಾಯರ್ ಹಿಡಿಯಿರಿ. ಆ ಕೌಂಟಿಯ ಲಾಯರ್‌ಗೆ ಅಲ್ಲಿನ ಜಡ್ಜ್ ಗುಣ ಗೊತ್ತಿರುತ್ತದೆ. ಹಳೇ ದಾಖಲೆ ಚೊಕ್ಕ ಇದ್ದರೆ ರೆಕ್‌ಲೆಸ್ ಅನ್ನು ಮಾಮೂಲಿ ಸ್ಪೀಡಿಂಗ್‌ಗೋ 'ಇಂಪ್ರಾಪರ್ ಡ್ರೈವಿಂಗ್'ಗೋ ಇಳಿಸುವುದು ಇಲ್ಲಿ ಅಪರೂಪವಲ್ಲ. ಆ ಎರಡೂ ಬರೀ ಇನ್‌ಫ್ರಾಕ್ಷನ್, ಅಂದರೆ ಸಣ್ಣ ನಿಯಮ ಉಲ್ಲಂಘನೆ, ಕ್ರೈಮ್ ಅಲ್ಲ. ಕಾರಿನ ಸ್ಪೀಡೋಮೀಟರ್ ಸರಿಯಿದೆಯಾ ಅಂತ ಗ್ಯಾರೇಜ್‌ನಲ್ಲಿ ಪರೀಕ್ಷೆ ಮಾಡಿಸಿ ಕಾಗದ ತನ್ನಿ, ಡ್ರೈವಿಂಗ್ ಸೇಫ್ಟಿ ಕ್ಲಾಸ್ ಮುಂಚೆಯೇ ಮುಗಿಸಿ ಅಂತ ಲಾಯರ್ ಹೇಳಬಹುದು. ಇಲ್ಲಿನ ಫೇರ್‌ಫ್ಯಾಕ್ಸ್ ಕೋರ್ಟ್‌ನಲ್ಲಿ ಬೆಳಿಗ್ಗೆ ಕೂತರೆ ನೋಡಬಹುದು, ಅರ್ಧ ಜನರ ಕೈಯಲ್ಲಿ ಆ ಗ್ಯಾರೇಜ್ ಕಾಗದ ಇರುತ್ತದೆ. ಜಡ್ಜ್ ಕನ್ನಡಕ ಏರಿಸಿ ಒಂದು ಸಲ ನೋಡಿ ಪಕ್ಕಕ್ಕಿಡುತ್ತಾರೆ, ಒಬ್ಬೊಬ್ಬರದ್ದು ಎರಡು ನಿಮಿಷ.

ಟಿಕೆಟ್‌ಗೆ ಸಹಿ ಹಾಕಿಬಿಟ್ಟರು ಅಂತ ಚಿಂತೆ ಬೇಡ, ಅದು ತಪ್ಪು ಒಪ್ಪಿಕೊಂಡಂತಲ್ಲ, ಕೋರ್ಟಿಗೆ ಬರುತ್ತೇನೆ ಅನ್ನುವ ಮಾತು ಅಷ್ಟೆ. ಆ ಮಾತು ಮಾತ್ರ ತಪ್ಪಬಾರದು. ತಪ್ಪಿದರೆ ವಾರಂಟ್ ಹೊರಡಬಹುದು, ಆಗ ಸಣ್ಣ ಕೇಸ್ ಬೆಳೆಯುತ್ತದೆ.

ಲಾಯರ್‌ಗೆ ಮೊದಲ ಫೋನ್‌ನಲ್ಲೇ ಎಚ್-1ಬಿ ಮೇಲಿದ್ದೇವೆ, ಡಿಸೆಂಬರ್‌ನಲ್ಲಿ ಸ್ಟಾಂಪಿಂಗ್ ಇದೆ ಅಂತ ಹೇಳಿ. ತೀರ್ಪು ಬಂದಮೇಲೆ ಕ್ಲರ್ಕ್ ಆಫೀಸಿನಿಂದ ಸೀಲ್ ಇರುವ ಪ್ರತಿ ಎರಡು ತೆಗೆದುಕೊಳ್ಳಿ, ಒಂದು ಚೆನ್ನೈಗೆ, ಒಂದು ಮುಂದೆ ಗ್ರೀನ್ ಕಾರ್ಡ್ ಅರ್ಜಿಗೆ. 2025ರ ಸೆಪ್ಟೆಂಬರ್‌ನಿಂದ ಡ್ರಾಪ್‌ಬಾಕ್ಸ್ (ಇಂಟರ್‌ವ್ಯೂ ಇಲ್ಲದೆ ಕಾಗದ ಕೊಟ್ಟು ವೀಸಾ ಪಡೆಯುವುದು) ಬಹುತೇಕ ನಿಂತಿದೆ, ಹಾಗಾಗಿ ಇಂಟರ್‌ವ್ಯೂಗೆ ಎದುರಿಗೇ ಹೋಗಬೇಕಾಗುತ್ತದೆ. ಕೇಸ್ ಬಾಕಿ ಇಟ್ಟುಕೊಂಡು ಹೋಗುವುದಕ್ಕಿಂತ ಮುಗಿಸಿ ಹೋಗುವುದು ಒಳ್ಳೆಯದು. ಕೋರ್ಟ್ ದಿನಾಂಕ ಜನವರಿಗೆ ಬಿದ್ದಿದ್ದರೆ ಡಿಸೆಂಬರ್‌ಗಿಂತ ಮುಂಚೆಯೇ ಇಡಿಸಲು ಆಗುತ್ತಾ ಅಂತ ಈ ವಾರವೇ ಕೇಳಿಸಿ. ಆಗದಿದ್ದರೆ ಮದುವೆಗೆ ನೀವು ಮಕ್ಕಳ ಜೊತೆ ಹೊರಡಿ, ಅವರ ಸ್ಟಾಂಪಿಂಗ್ ಕೇಸ್ ಮುಗಿದಮೇಲೆ ಇಟ್ಟುಕೊಳ್ಳಿ.