ಯೇಸುವಿನ ಬಗ್ಗೆ ಕಾದಂಬರಿ ಓದಿದ ಗೆಳೆಯರು ಪ್ರಶ್ನೆ ಹಾಕಿದರೆ ಹಾಸನದ ಕ್ರೈಸ್ತ ಯುವಕರು ಏನು ಹೇಳಬೇಕು?

ಮೊದಲು ಕಾದಂಬರಿ ಓದಿ. ಓದದೆ ಬೈದರೆ ಮಾತು ಅಲ್ಲೇ ಮುರಿಯುತ್ತದೆ. ಕಥೆಯನ್ನು ಕಥೆಯಾಗಿ ಬಿಡಿ. ಇತಿಹಾಸವೆಂದು ಹೇಳಿಕೊಂಡ ಸಾಲುಗಳನ್ನಷ್ಟೇ ಪುಟಸಂಖ್ಯೆ ಸಮೇತ ಗುರುತು ಮಾಡಿ.

ಹೆಚ್ಚಾಗಿ ಬರುವ ವಾದ: ಕ್ರಿ.ಶ. 325ರಲ್ಲಿ ನಡೆದ ಬಿಷಪರ ನೈಸಿಯಾ ಸಭೆ ಮತ ಹಾಕಿ ಯೇಸುವನ್ನು ದೇವರಾಗಿಸಿತು, ಬೈಬಲ್‌ನ ಸುವಾರ್ತೆಗಳನ್ನೂ (ಯೇಸುವಿನ ಜೀವನ ಹೇಳುವ ಪುಸ್ತಕಗಳನ್ನೂ) ಆರಿಸಿತು. ಎರಡೂ ತಪ್ಪು. ಅಲ್ಲಿ ಚರ್ಚೆಯಾದದ್ದು ಮುಖ್ಯವಾಗಿ ಏರಿಯಸ್ ಎಂಬ ಪಾದ್ರಿಯ ಬೋಧನೆ: ದೇವರ ಮಗನಾದ ಯೇಸು ದೇವರಿಂದ ಸೃಷ್ಟಿಯಾದವನು ಎಂಬುದು. ಕ್ರೈಸ್ತರು ಕ್ರಿಸ್ತನನ್ನು ದೇವರೆಂದು ಹಾಡಿ ಸ್ತುತಿಸುತ್ತಿದ್ದರೆಂದು ಸುಮಾರು 112ರಲ್ಲೇ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿಗೆ ಬರೆದಿದ್ದಾನೆ. ಅವನು ಕ್ರೈಸ್ತನಲ್ಲ, ಹಾಗಾಗಿ ಈ ಸಾಕ್ಷಿಗೆ ತೂಕ ಹೆಚ್ಚು. ನಾಲ್ಕೇ ಸುವಾರ್ತೆಗಳೆಂದು ಬಿಷಪ್ ಐರೇನಿಯಸ್ ಹೇಳಿದ್ದು ಸುಮಾರು 180ರಲ್ಲಿ.

ಹಾಸನದ ಬಳಿಯ ಶೆಟ್ಟಿಹಳ್ಳಿ ಚರ್ಚ್ ನೋಡಲು ಹೋದಾಗ ಮಾತು ಬಂದರೂ ಇಷ್ಟು ಸಾಕು. ನಿಷೇಧ ಕೇಳಬೇಡಿ, ಅದು ಪುಸ್ತಕಕ್ಕೇ ಪ್ರಚಾರ. ಕುತೂಹಲ ಉಳಿದವರಿಗೆ ಲೂಕನ ಸುವಾರ್ತೆ ಕೊಡಿ, 24 ಅಧ್ಯಾಯ.