ಹಾಸನವೋ ಬೆಂಗಳೂರೋ: ಸುಮಾ ಕೇಳದೇ ಉಳಿದಿದ್ದ ಪ್ರಶ್ನೆ

ಸುಮಾ (ಹೆಸರು, ಗುರುತು ಬದಲಾಯಿಸಿದ್ದೇನೆ) ಹಾಸನದಲ್ಲಿ ನನ್ನ ಹತ್ತಿರ ಸಲಹೆಗೆ ಬಂದಾಗ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎರಡು ತಿಂಗಳಾಗಿತ್ತು. ಸಕಲೇಶಪುರ ಕಡೆಯ ಹುಡುಗಿ. ಜೊತೆಗೆ ತಾಯಿ ಬಂದಿದ್ದರು. ಕಾಫಿ ತೋಟದ ಕೂಲಿಯಲ್ಲೇ, ಕಿವಿಯ ಓಲೆ ಅಡವಿಟ್ಟು ಮಗಳನ್ನು ಓದಿಸಿದವರು.

ಎರಡು ಕೆಲಸ ಕೈಯಲ್ಲಿದ್ದವು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ 22,000 ಸಂಬಳ, 2 ವರ್ಷ ಬಿಟ್ಟು ಹೋಗುವಂತಿಲ್ಲ ಅನ್ನುವ ಬಾಂಡ್, ಒರಿಜಿನಲ್ ಸರ್ಟಿಫಿಕೇಟ್ ಅವರ ವಶಕ್ಕೆ. ಹಾಸನದಲ್ಲೇ 20 ಹಾಸಿಗೆಯ ನರ್ಸಿಂಗ್ ಹೋಂ, 11,000.

"ಕಣ್ಣೆದುರಿಗಿದ್ರೆ ಸಾಕು ಮೇಡಂ" ಅಂದರು ತಾಯಿ. ಸೋದರಮಾವನದು ಬೆಂಗಳೂರಿನ ಹಟ. ಸುಮಾ ಬಾಯೇ ಬಿಡಲಿಲ್ಲ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳಿದೆ. "ಯಾವುದನ್ನು ನೆನೆಸಿಕೊಂಡ್ರೆ ನಿದ್ದೆ ಬರಲ್ಲ?"

"ಎರಡೂ."

ಆಮೇಲೆ ನಿಧಾನವಾಗಿ ಹೊರಬಂತು. ಕೊನೇ ವರ್ಷದ ಪೋಸ್ಟಿಂಗ್‌ನಲ್ಲಿ ಅಜ್ಜಿಯೊಬ್ಬರಿಗೆ ಕ್ಯಾನುಲಾ (ಡ್ರಿಪ್ ಕೊಡಲು ನರಕ್ಕೆ ಚುಚ್ಚಿ ಕೂರಿಸುವ ಸಣ್ಣ ಕೊಳವೆ) ಹಾಕಬೇಕಿತ್ತು. ನರ ಜಾರಿತು. ಎರಡನೇ ಸಲವೂ ತಪ್ಪಿತು. ಅಜ್ಜಿಯ ಮುಂಗೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ಸೀನಿಯರ್ ಸಿಸ್ಟರ್ ಎಲ್ಲರೆದುರೇ ಇವಳ ಕೈ ತಳ್ಳಿ, "ನಿಂಗ್ಯಾಕಮ್ಮ ಈ ಕೆಲಸ" ಅಂದುಬಿಟ್ಟರು. ಅಜ್ಜಿ ಮಾತ್ರ "ಇರ್ಲಿ ಬಿಡವ್ವ, ಈ ಕೈಗೆ ಚುಚ್ಚು" ಅಂತ ಇನ್ನೊಂದು ಕೈ ಚಾಚಿದರಂತೆ. ಬೈಸಿಕೊಂಡಿದ್ದನ್ನು ಹೇಳುವಾಗ ಅಳದವಳು, ಇದನ್ನು ಹೇಳುವಾಗ ಅತ್ತಳು. ಆವತ್ತಿನಿಂದ ಅವಳು ಒಬ್ಬಳೇ ಸೂಜಿ ಹಿಡಿದಿಲ್ಲ.

ಅಂದರೆ ಊರಿನ ಚಿಂತೆ ಆಮೇಲಿನದು. ರಾತ್ರಿ ಎರಡು ಗಂಟೆಗೆ ಕೈ ನಡುಗಿದರೆ ಪಕ್ಕದಲ್ಲಿ ಯಾರಿರುತ್ತಾರೆ? ಅವಳಿಗೆ ಬೇಕಿದ್ದ ಉತ್ತರ ಇದು. ಇದನ್ನು ಕೇಳುವುದು ಹೇಡಿತನ ಅಲ್ಲ. ಹೊಸ ನರ್ಸ್ ಒಬ್ಬಳನ್ನೇ ವಾರ್ಡಿನಲ್ಲಿ ಬಿಟ್ಟರೆ ಕಷ್ಟ ರೋಗಿಗೂ ತಾನೇ?

ನಾನು ಹೇಳಿದ್ದು ಇಷ್ಟು. ಸೇರುವ ಮೊದಲು ರಾತ್ರಿ ಎಂಟಕ್ಕೆ, ಡ್ಯೂಟಿ ಬದಲಾಗುವ ಹೊತ್ತಿಗೆ ಎರಡೂ ಕಡೆ ಹೋಗಿ ನೋಡು. ಹ್ಯಾಂಡೋವರ್ ಮುಗಿಸಿ ಹೊರಬರುವ ಸಿಸ್ಟರ್‌ಗಳನ್ನು ಮಾತಾಡಿಸು. ನೈಟ್‌ನಲ್ಲಿ ಒಬ್ಬರಿಗೆ ಎಷ್ಟು ಜನ ರೋಗಿಗಳು, ಎಷ್ಟು ವಾರ ಸೀನಿಯರ್ ಜೊತೆ ಹಾಕುತ್ತಾರೆ, ತಪ್ಪಾದರೆ ಏನು ಮಾಡುತ್ತಾರೆ, ಕೇಳು. ಎಚ್‌ಆರ್‌ನವರಿಗಿಂತ ಅವರು ನಿಜ ಹೇಳುತ್ತಾರೆ. ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಬಾಕಿಯಿದ್ದರೆ ಮೊದಲು ಅದನ್ನು ಮುಗಿಸು. ಒರಿಜಿನಲ್ ಯಾರ ಕೈಗೂ ಕೊಡಬೇಡ. ಜೆರಾಕ್ಸ್ ಕೊಡು, ಒರಿಜಿನಲ್ ತೋರಿಸಿ ವಾಪಸ್ ತಗೋ.

ಇನ್ನೊಂದು ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಏಮ್ಸ್‌ನವರು ತಮ್ಮಲ್ಲಿನ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಸುವ ನಾರ್ಸೆಟ್ ಪರೀಕ್ಷೆ ಬರೆಯಲು ಜಿಎನ್‌ಎಂ ಓದಿದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. 20 ಹಾಸಿಗೆಯ ನರ್ಸಿಂಗ್ ಹೋಂನಲ್ಲಿ ಎಷ್ಟು ದುಡಿದರೂ ಅದು ಲೆಕ್ಕಕ್ಕೆ ಬರಲ್ಲ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2016ರಲ್ಲಿ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ಅದು ಬರೀ ಶಿಫಾರಸು, ನಿಜ. ಆದರೂ 11,000 ಎಂದಾಗ ತಲೆ ತಗ್ಗಿಸಿ ಒಪ್ಪಬೇಕಿಲ್ಲ.

ತಾಯಿಯನ್ನು ಒಳಗೆ ಕರೆದು ಅಜ್ಜಿಯ ಕಥೆಯನ್ನು ಸುಮಾಳ ಬಾಯಿಂದಲೇ ಹೇಳಿಸಿದೆ. ಅವರು ಮಗಳ ಕೈ ಹಿಡಿದುಕೊಂಡರು. "ಇಷ್ಟು ದಿನ ಹೇಳ್ಲೇ ಇಲ್ವಲ್ಲವ್ವ" ಅಂದರು. ಬೆಂಗಳೂರು ಬೇಡ ಅನ್ನುವ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಸುಮಾ ಎರಡೂ ಕಡೆ ಹೋಗಿ ನೋಡಿದಳು. ನರ್ಸಿಂಗ್ ಹೋಂನಲ್ಲಿ ನೈಟ್‌ಗೆ ಒಬ್ಬರೇ. ಬೆಂಗಳೂರಿನವರು ಒರಿಜಿನಲ್ ಇಲ್ಲದೆ ಆಗಲ್ಲ ಅಂದರು. ಎರಡನ್ನೂ ಬಿಟ್ಟಳು. ಒಂದು ತಿಂಗಳು ಹುಡುಕಿ, ಹಾಸನದಲ್ಲೇ 100 ಹಾಸಿಗೆಯ ಬೇರೊಂದು ಆಸ್ಪತ್ರೆಗೆ ಸೇರಿದಳು. ಸಂಬಳ 16,000. ಕಡಿಮೆಯೇ. ಆದರೆ ಮೊದಲ 6 ವಾರ ಸೀನಿಯರ್ ಜೊತೆಗೇ ಡ್ಯೂಟಿ.

ಮೊನ್ನೆ ಫೋನ್ ಮಾಡಿದ್ದಳು. ಕ್ಯಾನುಲಾ ಈಗಲೂ ಒಂದೊಂದು ಸಲ ಮೊದಲ ಏಟಿಗೆ ಸಿಗಲ್ಲವಂತೆ. ಆಗ ಇನ್‌ಚಾರ್ಜ್ ಸಿಸ್ಟರನ್ನು ಕರೆಯುತ್ತಾಳೆ, ಅವರು ಬಂದು ರೋಗಿಯ ಕೈ ಹಿಡಿದು ನಿಲ್ಲುತ್ತಾರೆ. ಓಲೆ ಇನ್ನೂ ಬ್ಯಾಂಕಿನಲ್ಲೇ ಇದೆ. ತಿಂಗಳಿಗೆ 3,000 ಕಟ್ಟುತ್ತಿದ್ದಾಳೆ.