ಜುಲೈಯಲ್ಲಿ ಕಡಲಿಗೆ, ಅಜ್ಜಿಯ ಜೊತೆ

ಪ್ರಶ್ನೆ: ಡಬ್ಲಿನ್‌ನಲ್ಲಿ ಓದುತ್ತಿದ್ದೇನೆ. ಜುಲೈ ರಜೆಗೆ ಶಿವಮೊಗ್ಗಕ್ಕೆ ಬರುತ್ತೇನೆ. ಅಪ್ಪ, ಅಮ್ಮ, ಮಂಡಿನೋವಿನ ಅಜ್ಜಿಯನ್ನು ಮಲ್ಪೆಗೆ ಕರೆದೊಯ್ದು ಸೇಂಟ್ ಮೇರಿಸ್ ದ್ವೀಪ ತೋರಿಸುವ ಆಸೆ. ಎರಡು ದಿನ ಸಾಕೇ?
– ಓದುಗಾರ್ತಿ

ಉತ್ತರ: ದಿನ ಸಾಕಮ್ಮ, ಕಡಲು ಬಿಡಬೇಕಲ್ಲ! ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ. ಆಗುಂಬೆ ಘಾಟಿ ಇಳಿದು ಉಡುಪಿಯಲ್ಲಿ ಉಳಿಯಿರಿ. ಮರುದಿನ ಮರವಂತೆ. ಅಲ್ಲಿ ಹೆದ್ದಾರಿ 66ರ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಅಜ್ಜಿ ಮರಳಲ್ಲಿ ಕಾಲೆಳೆಯಬೇಕಿಲ್ಲ, ಕಾರಿನಲ್ಲಿ ಕೂತೇ ಅಲೆ ನೋಡಬಹುದು. ನೀನು ಸೆಲ್ಫಿಗೆಂದು ಬಂಡೆಗಲ್ಲು ಇಳಿಯಬೇಡ, ಅಪ್ಪನನ್ನೂ ಇಳಿಸಬೇಡ. ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ತಾಜಾ ಅಂಜಲ್ ಮೀನಿಗೆ ಹಟ ಹಿಡಿಯಬೇಡ. ಕೆಸುವಿನೆಲೆಯ ಪತ್ರೊಡೆಗೆ ಇದೇ ಕಾಲ. ಅದನ್ನು ಕೇಳಿ ತಿನ್ನಿ.